ಕನ್ನಡ ಓದುತ್ತಿದ್ದ ದೆವ್ವ

ಅವಳು ಬರುತ್ತಿದ್ದುದು ಊರೆಲ್ಲ ಮಲಗಿದ ಮೇಲೆ. ಬಂದು ಬಾಗಿಲು ತಟ್ಟುತ್ತಿದ್ದಳು. ತಟ್ಟಿ ಸುಮ್ಮನಿರದೆ ಕೂಗುತ್ತಿದ್ದಳು, ಅದೂ ಮನೆಯವರದೇ ದನಿಯಲ್ಲಿ. ಒಂದು ಮನೆಯಲ್ಲಿ ತವರಿನ ಅಣ್ಣನ ದನಿ, ಇನ್ನೊಂದರಲ್ಲಿ ಹಳ್ಳಿಯಲ್ಲಿರುವ ಅಮ್ಮನ ದನಿ, ಮತ್ತೊಂದರಲ್ಲಿ ಇನ್ನೂ ಕೆಲಸದಿಂದ ಬಾರದ ಗಂಡನ ದನಿ. ಗುರುತಿನ ದನಿಯೆಂದು ಎದ್ದು ಹೋಗಿ ಚಿಲಕ ತೆಗೆದರೆ ಅಲ್ಲಿಗೆ ಮುಗಿಯಿತು, ತೆಗೆದವರು ಉಳಿಯುತ್ತಿರಲಿಲ್ಲ. ಅವಳು ಯಾರು ಎಂಬುದಕ್ಕೆ ಬೀದಿಗೊಂದು ಉತ್ತರವಿತ್ತು. ಕೆಲವರ ಬಾಯಲ್ಲಿ ಅವಳು ಮದುವಣಗಿತ್ತಿ, ಗಂಡನನ್ನು ಹುಡುಕುತ್ತ ಮನೆಮನೆ ಅಲೆದು ಆಯಾ ಮನೆಯ ಗಂಡಸನ್ನೇ ಕರೆದೊಯ್ಯುವವಳು. ಇನ್ನು ಕೆಲವರ ಪಾಲಿಗೆ ಹೆಸರಿಲ್ಲ, ರೂಪವಿಲ್ಲ, ಕೊರಳೊಂದೇ.

ತಡೆಯುವ ಉಪಾಯವೂ ಒಂದೇ. ಬಾಗಿಲ ಮೇಲೋ ಪಕ್ಕದ ಗೋಡೆಯ ಮೇಲೋ ಎರಡು ಪದ ಬರೆಯಬೇಕು: ನಾಳೆ ಬಾ. ಅವಳು ಓದಿಕೊಂಡು ಹೊರಟುಹೋಗುತ್ತಾಳೆ. ಮರುದಿನ ರಾತ್ರಿ ಮತ್ತೆ ಬರುತ್ತಾಳೆ, ಬಾಗಿಲು ಮತ್ತೆ ಅದನ್ನೇ ಹೇಳುತ್ತದೆ.

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಕರ್ನಾಟಕದ ಹಳ್ಳಿಗಳಲ್ಲೂ ಈ ಎರಡು ಪದ ಹಬ್ಬಿದವು. ಸೀಮೆಸುಣ್ಣದಲ್ಲಿ ಬರೆದವು, ಇದ್ದಿಲಿನಲ್ಲಿ ಬರೆದವು, ಮನೆಗೆ ಬಣ್ಣ ಹೊಡೆಸಿ ಉಳಿದ ಡಬ್ಬಿಯ ತಳದಲ್ಲಿ ಕಡ್ಡಿ ಅದ್ದಿ ಬರೆದವು. ಅಕ್ಷರ ಅಂಕುಡೊಂಕು, 'ಳೆ'ಯ ಎತ್ವ ಒಮ್ಮೊಮ್ಮೆ ಪಕ್ಕದ ಇಟ್ಟಿಗೆಗೆ ಹಾರಿರುತ್ತಿತ್ತು. ಬರೆದವರು ಬಹುಪಾಲು ಮಕ್ಕಳು ಎಂಬುದು ಕೈಬರಹ ನೋಡಿದರೇ ತಿಳಿಯುತ್ತಿತ್ತು. ದೊಡ್ಡವರು ನಗುತ್ತಲೇ ಬರೆಸಿದರು. ನಕ್ಕವರೂ ರಾತ್ರಿ ಮಲಗುವ ಮುನ್ನ ಅಕ್ಷರ ಅಳಿಸಿಹೋಗಿಲ್ಲವೇ ಎಂದು ಒಮ್ಮೆ ಇಣುಕಿ ನೋಡಿದರು.

ಇಂಗ್ಲಿಷ್ ಸಾಹಿತ್ಯದಲ್ಲಿ ಗಾಥಿಕ್ ಎಂಬ ಭಯದ ಕತೆಗಳ ಪರಂಪರೆಯೊಂದಿದೆ. 1764ರ ಡಿಸೆಂಬರ್‌ನಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಕಾದಂಬರಿಯಿಂದ ಅದು ಶುರುವಾಯಿತೆಂದು ಲೆಕ್ಕ. ಆ ಪರಂಪರೆಯಲ್ಲಿ ದೆವ್ವಕ್ಕೆ ಹಳೆಯ ಮನೆ ಬೇಕು. ಪಾಳುಬಿದ್ದ ಕೋಟೆ, ನೆಲಮಾಳಿಗೆ, ಬೀಗ ಹಾಕಿದ ಕೋಣೆ, ಅಜ್ಜ ಮುತ್ತಜ್ಜ ಮಾಡಿದ ಪಾಪ ಇಷ್ಟಿಲ್ಲದೆ ಅಲ್ಲಿ ದೆವ್ವ ಕಾಲಿಡುವುದಿಲ್ಲ. ವಂಶದ ಹಳೆಯ ಲೆಕ್ಕ ಚುಕ್ತಾ ಮಾಡಲು ಬರುವವರೇ ಅಲ್ಲಿನ ದೆವ್ವಗಳು. ಕನ್ನಡದಲ್ಲೂ ಭೀಕರಕ್ಕೆ ಬರವಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ರಾಶಿಯ ನಡುವೆ, ಮರುಳುಗಳ ನಡುವೆ ಹೆಜ್ಜೆ ಇಡುತ್ತಾನೆ. 1209ರ ಜನ್ನನ 'ಯಶೋಧರ ಚರಿತೆ' ತೆರೆದುಕೊಳ್ಳುವುದೇ ಬಲಿಗೆ ಕಾದಿರುವ ಚಂಡಮಾರಿಯ ಗುಡಿಯಲ್ಲಿ. ರಾಘವಾಂಕನ ಹರಿಶ್ಚಂದ್ರ ಸುಡುಗಾಡು ಕಾಯುತ್ತಾನೆ. ಬೆಂಗಳೂರಿನ ರಾಜಾಜಿನಗರಕ್ಕೆ ಹತ್ತಿರದ ಶ್ರೀರಾಂಪುರದ ಸ್ಮಶಾನಕ್ಕೆ ಅವನ ಹೆಸರೇ ಇದೆ, ಹರಿಶ್ಚಂದ್ರ ಘಾಟ್. ಆದರೆ ಇವೆಲ್ಲ ಊರ ಹೊರಗಿನ ಭಯಗಳು. ರಣರಂಗ, ಮಾರಿಗುಡಿ, ಮಸಣ. ಮನುಷ್ಯ ಅಲ್ಲಿಗೆ ಹೋಗಬೇಕು, ಹೋಗದಿದ್ದರೆ ಅದು ಅದರ ಪಾಡಿಗೆ ಇರುತ್ತದೆ.

ನಾಳೆ ಬಾ ದೆವ್ವ ಈ ಎರಡು ದಾರಿಯನ್ನೂ ಬಿಟ್ಟು ಬಂದವಳು. ಅವಳಿಗೆ ಹಳೆಯ ಕೋಟೆ ಬೇಕಿರಲಿಲ್ಲ, ಊರ ಹೊರಗಿನ ಮಸಣವೂ ಬೇಕಿರಲಿಲ್ಲ. ಅವಳು ಬಂದದ್ದು ನೆನ್ನೆ ಮೊನ್ನೆ ಗೃಹಪ್ರವೇಶವಾದ ಮನೆಗೆ.

ಅವಳು ಬಾಗಿಲು ತಟ್ಟಿದ ಪಶ್ಚಿಮ ಬೆಂಗಳೂರು ಎಷ್ಟು ಹೊಸದು ಎಂಬುದನ್ನು ಇಲ್ಲಿ ಒಮ್ಮೆ ನೋಡಬೇಕು. ಹೊಸ ಬಡಾವಣೆಗಳನ್ನು ಮಾಡುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1945ರಲ್ಲಿ. 1948ರಿಂದ 1950ರವರೆಗೆ ದೇಶದ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರು ಹೊತ್ತ ರಾಜಾಜಿನಗರ ಸ್ವಾತಂತ್ರ್ಯದ ಬೆನ್ನಿಗೇ ಮೈತಳೆದ ಬಡಾವಣೆ. ಕಾರ್ಖಾನೆಗಳಿಗೂ ಅವುಗಳಲ್ಲಿ ದುಡಿಯುವವರಿಗೂ ಒಟ್ಟಿಗೇ ಜಾಗ ಕೊಟ್ಟ ಬಡಾವಣೆ ಅದು. ಕಾರ್ಡ್ ರಸ್ತೆ ದಾಟಿ ವಿಜಯನಗರ, ಬಸವೇಶ್ವರನಗರಗಳು ಬಂದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ರಚನೆಯಾದ ಮೇಲೆ ಮೈಸೂರು ರಸ್ತೆಯ ಉದ್ದಕ್ಕೂ ಊರು ಕೆಂಗೇರಿಯತ್ತ ಚಾಚಿತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮೂಡಲಪಾಳ್ಯ, ಅತ್ತಿಗುಪ್ಪೆ, ಅಗ್ರಹಾರ ದಾಸರಹಳ್ಳಿ ಇವೆಲ್ಲ ಮೊದಲು ಹೊಲಗದ್ದೆಗಳಿದ್ದ ಹಳ್ಳಿಗಳು. ಆಮೇಲೆ ಬಸ್ ಸ್ಟಾಪಿನ ಹೆಸರುಗಳಾದವು. 1981ರಲ್ಲಿ ಸುಮಾರು 29 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1991ಕ್ಕೆ 41 ಲಕ್ಷ ದಾಟಿತು. ಹತ್ತು ವರ್ಷದಲ್ಲಿ 12 ಲಕ್ಷ ಜನ ಹೆಚ್ಚಾದರೆ, ಅದಕ್ಕೆ ತಕ್ಕಷ್ಟು ಮನೆ ಬಾಗಿಲುಗಳೂ ಹೊಸದಾಗಿ ಎದ್ದವು ಎಂದೇ ಅರ್ಥ.

ಈ ಮನೆಗಳು ಹೇಗಿದ್ದವು? 30×40 ಅಡಿಯ ಸೈಟು. ಮಾಲೀಕರು ಕೆಳಗೆ, ಮೇಲೆ ಎರಡು ಪೋರ್ಷನ್ ಬಾಡಿಗೆಗೆ. ಇನ್ನೂ ಹಳೆಯ ಭಾಗದಲ್ಲಾದರೆ ವಠಾರ: ಎದುರುಬದುರು ಸಾಲುಮನೆ, ನಡುವೆ ಓಣಿ, ಎಲ್ಲರಿಗೂ ಒಂದೇ ನಲ್ಲಿ. ವಠಾರದ ಬಾಗಿಲಿಗೂ ಮಂಚಕ್ಕೂ ನಡುವೆ ಆರೇಳು ಹೆಜ್ಜೆಯೂ ಇರುತ್ತಿರಲಿಲ್ಲ. ಯಾರು ಯಾರ ಬಾಗಿಲು ತಟ್ಟಿದರೂ ಹತ್ತು ಮನೆಗೆ ಕೇಳುತ್ತಿತ್ತು. ಗಾಥಿಕ್ ಕಾದಂಬರಿಯ ನಾಯಕಿ ಮೇಣದಬತ್ತಿ ಹಿಡಿದು ಉದ್ದುದ್ದ ಮೊಗಸಾಲೆ ದಾಟಿ ಸದ್ದಿನ ಮೂಲಕ್ಕೆ ಹೋಗಬೇಕು. ಇಲ್ಲಿ ಕೈ ಚಾಚಿದರೆ ಚಿಲಕ. ಭಯಕ್ಕೂ ಮೈಗೂ ನಡುವೆ ಇದ್ದದ್ದು ಒಂದಂಗುಲ ದಪ್ಪದ ಹಲಗೆ.

ಆ ಬಾಗಿಲಲ್ಲಿ ಹಗಲಿಗೊಂದು ಬರಹ, ರಾತ್ರಿಗೊಂದು ಬರಹ ಎಂಬಂತಿತ್ತು. ಗೇಟಿಗೆ ತಂತಿ ಕಟ್ಟಿ ನೇತುಹಾಕಿದ 'ಮನೆ ಬಾಡಿಗೆಗಿದೆ' ಎಂಬ ರಟ್ಟು ಗುರುತಿಲ್ಲದವರನ್ನು ಒಳಕ್ಕೆ ಕರೆಯುತ್ತಿತ್ತು. ಪಕ್ಕದ ಗೋಡೆಯ 'ನಾಳೆ ಬಾ' ಗುರುತಿನ ದನಿಯನ್ನೂ ನಂಬಬೇಡ ಎನ್ನುತ್ತಿತ್ತು. ತುಮಕೂರು, ಹಾಸನ, ಮಂಡ್ಯ ಕಡೆಯ ಹಳ್ಳಿಗಳಿಂದ ಬಂದು, ಅಡ್ವಾನ್ಸ್ ಹೊಂದಿಸಿ, ಪಕ್ಕದ ಮನೆಯವರ ಪೂರ್ವಾಪರ ತಿಳಿಯದೆ ಬದುಕು ಕಟ್ಟಿಕೊಳ್ಳುತ್ತಿದ್ದ ಸಂಸಾರಗಳಿಗೆ ಎರಡೂ ನಿಜವೇ ಆಗಿದ್ದವು. ಹಳ್ಳಿಯಲ್ಲಿ ರಾತ್ರಿ ಬಾಗಿಲು ತಟ್ಟಿದವರು ಯಾರೆಂದು ಕೆಮ್ಮಿನಿಂದಲೇ ತಿಳಿಯುತ್ತದೆ. ಊರು ಬಿಟ್ಟು ಬಂದವರು ಮೊದಲು ಕಳೆದುಕೊಳ್ಳುವುದು ಆ ಗುರುತನ್ನು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಈ ಕತೆಯ ನಿಜವಾದ ಮುಳ್ಳು ಅದರಲ್ಲೇ ಇದೆ. ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಬಿನ್ನಿ, ಮಿನರ್ವ ಮಿಲ್ಲುಗಳಿದ್ದವು. ರಾಜಾಜಿನಗರದ ಕೈಗಾರಿಕಾ ವಸಾಹತು ಇತ್ತು, ಉತ್ತರಕ್ಕೆ ಪೀಣ್ಯ ಇತ್ತು. ಮಿಲ್ಲು, ಕಾರ್ಖಾನೆ ಎಂದ ಮೇಲೆ ಪಾಳಿ. ಎರಡನೇ ಪಾಳಿ ಮುಗಿಸಿದ ಗಂಡಸು ಸೈಕಲ್ ತುಳಿದು ಮನೆ ಸೇರುವ ಹೊತ್ತಿಗೆ ನಡುರಾತ್ರಿ ಹತ್ತಿರವಾಗಿರುತ್ತಿತ್ತು. ಫೋನು ಎಲ್ಲರ ಮನೆಯಲ್ಲಿರಲಿಲ್ಲ. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲ. ಕತ್ತಲಲ್ಲಿ ಬಾಗಿಲು ಸದ್ದಾದರೆ ಅದು ಗಂಡನೇ ಇರಬೇಕು, ಬಾಗಿಲು ತೆಗೆಯಲೇಬೇಕು. ದಿನವೂ ಆ ಸದ್ದಿಗಾಗಿಯೇ ಕಿವಿಗೊಟ್ಟು, ಅನ್ನ ಮುಚ್ಚಿಟ್ಟು ಕೂತಿದ್ದ ಹೆಂಗಸಿಗೆ, ದೆವ್ವ ಬರುವುದೂ ಅದೇ ಸದ್ದಿನಲ್ಲಿ, ಅದೇ ದನಿಯಲ್ಲಿ ಎಂದರೆ ಏನನಿಸಿರಬೇಡ! ಕಾಯುವಿಕೆಯ ಒಳಕ್ಕೇ ಭಯವನ್ನು ಸೇರಿಸಿದ ಕತೆ ಇದು. ಯಾವ ಪಾಳುಕೋಟೆಯ ಕತೆಗೂ ಅಷ್ಟು ಒಳಗಿಳಿಯುವ ಶಕ್ತಿ ಇಲ್ಲ.

ಬಾಗಿಲ ಸದ್ದಿನ ಶಕ್ತಿಯನ್ನು ದೊಡ್ಡ ಬರಹಗಾರರು ಹಿಂದೆಯೇ ಕಂಡುಕೊಂಡಿದ್ದರು. ಡಿ.ವಿ.ಜಿ. ಕನ್ನಡಕ್ಕೆ ತಂದ 'ಮ್ಯಾಕ್‌ಬೆತ್' ಓದಿದವರಿಗೆ, ರಾಜನ ಕೊಲೆಯಾದ ಮರುಗಳಿಗೆ ಕೋಟೆಯ ಹೆಬ್ಬಾಗಿಲನ್ನು ಯಾರೋ ಬಡಿಯುವ ಸದ್ದು ನೆನಪಿರುತ್ತದೆ. ಆ ಬಡಿತ ತನ್ನ ಎದೆಯನ್ನು ಯಾಕೆ ಅಷ್ಟು ಹಿಂಡಿತು ಎಂಬುದೊಂದನ್ನೇ ಹಿಡಿದು ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಕೋಲ್‌ರಿಜ್‌ನ 'ಕ್ರಿಸ್ಟಬೆಲ್' 1816ರಲ್ಲಿ ಅಚ್ಚಾಯಿತು. ಅದರಲ್ಲಿ ಕಾಡಿನಲ್ಲಿ ಸಿಕ್ಕ ಅಪರಿಚಿತೆ ಹೊಸ್ತಿಲ ಬಳಿ ಕುಸಿಯುತ್ತಾಳೆ. ಮನೆಯ ಹುಡುಗಿಯೇ ಅವಳನ್ನು ಎತ್ತಿ ಹೊಸ್ತಿಲು ದಾಟಿಸುತ್ತಾಳೆ. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಇದು ಕಟ್ಟಳೆಯಾಗಿಯೇ ಬರುತ್ತದೆ: ಮನೆಯವರು ಯಾರಾದರೂ ಕರೆಯದ ಹೊರತು ರಕ್ತಪಿಪಾಸು ಮೊದಲ ಸಲ ಒಳಗೆ ಬರಲಾರ. ಡಬ್ಲ್ಯೂ.ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ 'ದಿ ಮಂಕೀಸ್ ಪಾ' ಕತೆಯಂತೂ ವಿಜಯನಗರದ ಯಾವುದೇ ಪೋರ್ಷನ್ನಿನಲ್ಲಿ ನಡೆಯಬಹುದಾದದ್ದು. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದಾನೆ. ವರ ಕೊಡುವ ಮಂಗನ ಕೈಯೊಂದು ಆ ಮನೆಯಲ್ಲಿದೆ, ಅವನು ಮರಳಿ ಬರಲೆಂದು ತಾಯಿ ಅದರಿಂದ ವರ ಬೇಡಿಸಿದ್ದಾಳೆ. ರಾತ್ರಿ ಬಾಗಿಲು ಬಡಿಯುವ ಸದ್ದು. ಅವಳು ಎಟುಕದ ಚಿಲಕಕ್ಕೆ ಕುರ್ಚಿ ಎಳೆದುಕೊಂಡು ಒದ್ದಾಡುತ್ತಾಳೆ. ಹೊರಗೆ ನಿಂತಿರುವುದು ಯಾವ ರೂಪದಲ್ಲಿದೆಯೋ ಎಂದು ನಡುಗಿದ ತಂದೆ ಕೊನೆಯ ವರವನ್ನು ಬೇಡುತ್ತಾನೆ. ಬಾಗಿಲು ತೆರೆದಾಗ ಖಾಲಿ ಬೀದಿ. ಆ ಮಂಗನ ಕೈ ಇಂಗ್ಲೆಂಡಿಗೆ ಹೋದದ್ದು ಇಂಡಿಯಾದಿಂದ, ಒಬ್ಬ ಫಕೀರ ಮಂತ್ರಿಸಿಟ್ಟದ್ದು ಎಂದು ಜೇಕಬ್ಸ್ ಹೇಳುತ್ತಾನೆ.

ಹೊಸ್ತಿಲಿಗೆ ಇಷ್ಟೆಲ್ಲ ಮಹತ್ವ ಯಾಕೆಂದು ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಹಿರಣ್ಯಕಶಿಪುವಿನ ಪ್ರಾಣ ಹೋದದ್ದು ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆ, ಹಗಲೂ ಅಲ್ಲದ ಇರುಳೂ ಅಲ್ಲದ ಮುಸ್ಸಂಜೆಯಲ್ಲಿ. ಹೊಸ್ತಿಲ ಮೇಲೆ ಕೂರಬೇಡ, ಅಲ್ಲಿ ನಿಂತು ಕೊಡಬೇಡ, ತೆಗೆದುಕೊಳ್ಳಬೇಡ ಎಂದು ಅಜ್ಜಿಯರು ಗದರುತ್ತಾರೆ. ಬೆಳಗ್ಗೆ ಅರಿಸಿನ ಕುಂಕುಮ ಹಚ್ಚಿ, ಮುಂದೆ ರಂಗೋಲಿ ಎಳೆದು, ಹಬ್ಬಕ್ಕೆ ಮೇಲೆ ಮಾವಿನ ತೋರಣ ಕಟ್ಟುವುದು ಚೆಂದಕ್ಕೆ ಮಾತ್ರವಲ್ಲ. ಬಾಗಿಲಿಗೆ ಕಾವಲು ಕೂರಿಸುವ ಕೆಲಸ ಮನೆಯ ಹೆಂಗಸರ ದಿನಚರಿಯಲ್ಲಿ ಮೊದಲೇ ಇತ್ತು. ನಾಳೆ ಬಾ ಎಂಬ ಬರಹ ಅದಕ್ಕೆ ಸೇರಿದ ಇನ್ನೊಂದು ಗೆರೆ.

ರಾತ್ರಿ ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು, ಮೂರು ಸಲ ಕೂಗಿದ ಮೇಲೆಯೇ ಉತ್ತರಿಸಬೇಕು ಎಂಬ ಮಾತೂ ಹಳ್ಳಿಗಳಲ್ಲಿ ಹಳೆಯದು. ಬಂಗಾಳದಲ್ಲಿ ಇಂಥದ್ದೇ ಒಬ್ಬಳಿದ್ದಾಳೆ, ನಿಶಿ. ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ಎರಡು ಸಲಕ್ಕಿಂತ ಹೆಚ್ಚು ಕರೆಯಲಾರಳು. ಲೆಕ್ಕ ಎರಡೂ ಕಡೆ ಒಂದೇ.

ಇದರ ಬೇರಿಗೆ ಇನ್ನೂ ಆಳಕ್ಕೆ ಹೋದರೆ ಸಿಗುವುದು ಮಾರಿ. ದೆವ್ವವನ್ನು ಕಂಡವರಿಲ್ಲ, ಮಾರಿ ಹೊಕ್ಕ ಊರನ್ನು ಕಂಡವರಿದ್ದಾರೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಸಾವಿರಾರು ಜನ ಸತ್ತರು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿರುವ ಕಡೆ ಬದುಕಬೇಕೆಂಬ ಅರಿವು ಬಲವಾದದ್ದು ಆಗಲೇ. ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಆ ಭಯದಿಂದಲೇ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಇಂದಿಗೂ ನಗರದೇವತೆ ಅಣ್ಣಮ್ಮನನ್ನು ಬೀದಿಗೆ ಕರೆತಂದು, ಚಪ್ಪರ ಹಾಕಿ, ತಂಬಿಟ್ಟಿನ ಆರತಿ ಎತ್ತಿ ಕಳಿಸಿಕೊಡುವ ಬಡಾವಣೆಗಳಿವೆ. ಮಾರಿಯನ್ನು ಯಾರೂ ಹೊಡೆದು ಓಡಿಸುವುದಿಲ್ಲ. ಕರೆದು, ಕೂರಿಸಿ, ಉಡಿ ತುಂಬಿ, ಗಡಿ ದಾಟಿಸಿ ಬರುತ್ತಾರೆ.

ಬಾಗಿಲ ಮೇಲೆ ಬರೆದು ಸಾವನ್ನು ಎದುರಿಸಿದ್ದು ಇಲ್ಲಿ ಮಾತ್ರವೂ ಅಲ್ಲ. 1665ರ ಪ್ಲೇಗಿನಲ್ಲಿ ಲಂಡನ್ ನಗರ ಸೋಂಕಿತರ ಮನೆಗಳಿಗೆ ಬೀಗ ಜಡಿಸಿ, ಬಾಗಿಲಿಗೆ ಕೆಂಪು ಶಿಲುಬೆ ಬರೆಸಿ, ಜೊತೆಗೆ ದೇವರ ಕರುಣೆ ಬೇಡುವ ಸಾಲೊಂದನ್ನು ಬರೆಸುತ್ತಿತ್ತು. ಆ ಬರಹ ಒಳಗಿದ್ದವರ ಪಾಲಿಗೆ ತೀರ್ಪಿನಂತಿತ್ತು. ಬೆಂಗಳೂರಿನ ಬರಹ ಒಳಗಿದ್ದವರೇ ತಮಗಾಗಿ ಬರೆದುಕೊಂಡದ್ದು. ಸರ್ಕಾರ ಹೇಳಿರಲಿಲ್ಲ, ಮಠ ಹೇಳಿರಲಿಲ್ಲ, ಮಂತ್ರವಾದಿಗೆ ಕಾಸು ಕೊಟ್ಟಿರಲಿಲ್ಲ.

ಬರೆದದ್ದಾದರೂ ಏನನ್ನು? ಇಲ್ಲಿ ನಿಂತು ನೋಡಬೇಕು. ಯುರೋಪಿನ ಕತೆಗಳಲ್ಲಿ ದೆವ್ವಕ್ಕೆ ಶಿಲುಬೆ ತೋರಿಸುತ್ತಾರೆ, ಬೆಳ್ಳುಳ್ಳಿ ಕಟ್ಟುತ್ತಾರೆ, ಎದೆಗೆ ಗೂಟ ಹೊಡೆಯುತ್ತಾರೆ. ಕನ್ನಡದ ಬಾಗಿಲು 'ಬರಬೇಡ' ಎನ್ನಲಿಲ್ಲ, 'ತೊಲಗು' ಎನ್ನಲಿಲ್ಲ. ಬಾ ಎಂದೇ ಹೇಳಿತು, ನಾಳೆ ಎಂದು ಸೇರಿಸಿತು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎಂದರೆ ಅಮ್ಮ ಗದರಿ 'ಬರ್ತೀನಿ ಅನ್ನು' ಎನ್ನುವ ನಾಡು ಇದು. ಬಾಗಿಲಿಗೆ ಬಂದ ಭಿಕ್ಷುಕಿಗೆ ಕೊಡಲು ಏನೂ ಇಲ್ಲದಿದ್ದರೆ 'ನಾಳೆ ಬಾಮ್ಮ' ಎನ್ನುವ ನಾಡು. ಬಂದವರನ್ನು ಇಲ್ಲವೆಂದು ಕಳಿಸಬಾರದು ಎಂಬ ನಡವಳಿಕೆ ಎಷ್ಟು ಆಳಕ್ಕಿಳಿದಿದೆಯೆಂದರೆ ಪ್ರಾಣ ಕೊಂಡೊಯ್ಯಲು ಬಂದವಳಿಗೂ ಅದೇ ಮಾತು. ಅದರಲ್ಲೂ 'ಬನ್ನಿ' ಅಲ್ಲ, 'ಬಾ'. ಕನ್ನಡದಲ್ಲಿ ಏಕವಚನ ಸಲ್ಲುವುದು ಮಕ್ಕಳಿಗೆ, ಹೆತ್ತವಳಿಗೆ, ದೇವರಿಗೆ. ಆ ಸಾಲಿನಲ್ಲಿ ದೆವ್ವಕ್ಕೂ ಒಂದು ಜಾಗ ಸಿಕ್ಕಿತು. ಹೊರಗೆ ನಿಂತವಳನ್ನು ಜನ ಹೆದರಿಕೊಂಡೇ ತಮ್ಮವಳೆಂದು ಕರೆದರು.

ನಾಳೆ ಎಂಬ ಮಾತಿನ ಉಪಾಯವೂ ಮೊದಲಿಂದ ಗೊತ್ತಿದ್ದದ್ದೇ. ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ 'ಇಂದು ನಗದು, ನಾಳೆ ಸಾಲ' ಎಂಬ ಬೋರ್ಡು ರಾಜಾಜಿನಗರದಲ್ಲೂ ಇತ್ತು, ಕೆಂಗೇರಿಯಲ್ಲೂ ಇತ್ತು. ಯಾವ ದಿನ ಓದಿದರೂ ಸಾಲ ನಾಳೆಗೇ. ಶನಿ ತನ್ನನ್ನು ಹಿಡಿಯಲು ಬಂದಾಗ ಗಣಪತಿ ನಾಳೆ ಬಾ ಎಂದು ಬರೆದು ತೋರಿಸಿದ, ಶನಿ ದಿನವೂ ಬಂದು ಓದಿ ಮರಳುತ್ತಾನೆ ಎಂಬ ಕತೆಯನ್ನು ದಕ್ಷಿಣದ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ರಾಮಾಯಣದಲ್ಲಿ ಆಯುಧ ಕಳೆದುಕೊಂಡು ನಿಂತ ರಾವಣನಿಗೆ ರಾಮ ಹೇಳುವುದೂ ಇಂದು ಹೋಗಿ ದಣಿವಾರಿಸಿಕೊಂಡು ಬಾ ಎಂದೇ. ಅದು ವೀರನ ಔದಾರ್ಯ, ಅಂಗಡಿಯದು ವ್ಯಾಪಾರದ ಜಾಣ್ಮೆ, ಗಣಪತಿಯದು ಬುದ್ಧಿ. ವಠಾರದ ಬಾಗಿಲು ಈ ಮೂರನ್ನೂ ಒಂದೇ ಕಡೆ ಸೇರಿಸಿತು.

ಆದರೆ ಇದು ಕೆಲಸ ಮಾಡಬೇಕಾದರೆ ದೆವ್ವಕ್ಕೆ ಓದು ಬರಬೇಕು! 1991ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 56. ಹೆಂಗಸರಲ್ಲಿ ಶೇ. 44. ರಾಜ್ಯದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಬಾಗಿಲ ಮೇಲೆ ಏನು ಬರೆದಿದೆಯೆಂದು ಓದಲಾಗದಿದ್ದ ಹೊತ್ತಿನಲ್ಲಿ ಅವರನ್ನು ಹೆದರಿಸಲು ಬಂದ ಹೆಣ್ಣು ದೆವ್ವ ಅಕ್ಷರಸ್ಥೆ. ಸಾಕ್ಷರತಾ ಆಂದೋಲನದವರು ಸಂಜೆ ಶಾಲೆ ನಡೆಸುತ್ತಿದ್ದ ವರ್ಷಗಳೂ ಅವೇ. ಓದು ಬಾರದ ಅಜ್ಜಿ, ಮೊಮ್ಮಗಳ ಕೈಯಲ್ಲಿ ಸೀಮೆಸುಣ್ಣ ಕೊಟ್ಟು ಬರೆಸುವಾಗ ಅಕ್ಷರದ ಮೇಲೆ ಇಟ್ಟ ನಂಬಿಕೆ ಸಣ್ಣದಲ್ಲ. ಅದು ತನ್ನ ಮನೆಯ ಮಗು ಕಲಿತ ಅಕ್ಷರ, ಮನೆಯ ಗಂಡಸರ ಜೀವ ಉಳಿಸುವ ಅಕ್ಷರ. ಅದೂ ಕನ್ನಡದ್ದೇ ಅಕ್ಷರ. ಬೆಂಗಳೂರಿನ ಬೇರೆ ಭಾಗಗಳಲ್ಲಿ ಬೋರ್ಡುಗಳು ಬೇರೆ ಭಾಷೆಗೆ ತಿರುಗುತ್ತಿದ್ದಾಗಲೂ ಪಶ್ಚಿಮದ ಬಡಾವಣೆಗಳು ಕನ್ನಡದಲ್ಲೇ ಕೊಡುಕೊಳ್ಳುವ ಬಡಾವಣೆಗಳಾಗಿ ಉಳಿದವು. ತೆಲುಗು ನಾಡಿನಲ್ಲಿ ಇದೇ ಭಯ 'ಓ ಸ್ತ್ರೀ, ರೇಪು ರಾ' ಎಂದು ತೆಲುಗಿನಲ್ಲಿ ಗೋಡೆಗೆ ಹತ್ತಿತು. 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಸಿನಿಮಾ ಕತೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ಹಿಂದಿಯಲ್ಲಿ ಬರೆಸಿತು. ಎಲ್ಲಿಗೆ ಹೋದರೂ ಅಲ್ಲಿನ ಲಿಪಿ ಕಲಿತು ಬರುವವಳು ಇವಳು.

ಗಂಡಸರನ್ನೇ ಕೊಂಡೊಯ್ಯುವ ದೆವ್ವ ಆ ಹೊತ್ತಿನಲ್ಲಿ ಇನ್ನೊಂದು ದೇಶದಲ್ಲೂ ಕಾಣಿಸಿತು. 1990ರಲ್ಲಿ ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳು ವಿಧವೆ ದೆವ್ವಕ್ಕೆ ನಡುಗಿದವು. ಕೂಲಿಗೆಂದು ಸಿಂಗಪುರಕ್ಕೆ ಹೋಗಿದ್ದ ಗಟ್ಟಿಮುಟ್ಟಾದ ಥಾಯ್ ಯುವಕರು ನಿದ್ದೆಯಲ್ಲೇ ಸಾಯುತ್ತಿದ್ದ ಸುದ್ದಿ ಆಗ ಹರಡಿತ್ತು. ವೈದ್ಯರು ಅದಕ್ಕೆ ನಿದ್ದೆಯಲ್ಲಿ ಬರುವ ಹಠಾತ್ ಸಾವಿನ ಕಾಯಿಲೆ ಎಂದು ಹೆಸರಿಟ್ಟರು, ಹಳ್ಳಿಗಳು ಗಂಡಿಗಾಗಿ ಅಲೆಯುವ ವಿಧವೆಯ ಕೆಲಸ ಎಂದವು. ಮನೆಗಳ ಮುಂದೆ ಮರದ ಲಿಂಗಗಳನ್ನು ನಿಲ್ಲಿಸಿದರು, ಅವಳು ಅದಕ್ಕೇ ಮರುಳಾಗಿ ಮನೆಯ ಗಂಡಸನ್ನು ಬಿಡಲಿ ಎಂದು. ಮೇರಿ ಬೆತ್ ಮಿಲ್ಸ್ ಎಂಬ ಮಾನವಶಾಸ್ತ್ರಜ್ಞೆ ಈ ಭಯವನ್ನು ದುಡಿಮೆಗಾಗಿ ಊರು ಬಿಡುವ ಬದುಕಿನೊಡನೆ ಇಟ್ಟು ಓದಿದರು. ಆ ಓದು ಮಾಗಡಿ ರಸ್ತೆಗೂ ಹೊಂದುತ್ತದೆ. ದುಡಿಯುವ ಒಬ್ಬನ ಸಂಬಳದ ಮೇಲೆ ನಿಂತ ಮನೆಗೆ, ಆ ಒಬ್ಬ ಬಾರದೆ ಹೋದರೆ ಎಂಬುದಕ್ಕಿಂತ ದೊಡ್ಡ ದೆವ್ವ ಯಾವುದಿದೆ?

ಕತೆ ಹರಡಿದ ದಶಕಕ್ಕೆ ನೆಲ ಹದವಾಗಿಯೇ ಇತ್ತು. 1979ರಲ್ಲಿ 'ನಾ ನಿನ್ನ ಬಿಡಲಾರೆ' ಸಿನಿಮಾದಲ್ಲಿ ಅನಂತನಾಗ್ ಮೈಮೇಲೆ ಹೆಣ್ಣಿನ ಆತ್ಮ ಬಂದದ್ದನ್ನು ಕಂಡು ನೋಡುಗರು ಬೆವತಿದ್ದರು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ 'ತುಳಸಿದಳ' ಕನ್ನಡಕ್ಕೆ ಬಂದು, ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡಿ, 1985ರಲ್ಲಿ ವೇಮಗಲ್ ಜಗನ್ನಾಥರಾವ್ ನಿರ್ದೇಶನದಲ್ಲಿ ಸಿನಿಮಾ ಆಯಿತು. 1993ರಲ್ಲಿ ಉಪೇಂದ್ರರ 'ಶ್!' ಬಂತು, ಅದೇ ವರ್ಷ ಕೇಬಲ್ ಟಿವಿಯಲ್ಲಿ ಜೀ ಹಾರರ್ ಶೋ ಶುರುವಾಯಿತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ಹಗಲಲ್ಲಿ ದೇಶವಿಡೀ ಸುತ್ತಿತು. ಮೊಬೈಲು ಬರುವ ಮುನ್ನವೇ ಸುದ್ದಿಗೆ ರೆಕ್ಕೆ ಬಂದಿತ್ತು.

ಇದೇ ಪಶ್ಚಿಮ ಬೆಂಗಳೂರಿನಲ್ಲಿ, ಕೆಂಗೇರಿಗೆ ಹೋಗುವ ಹಾದಿಯ ಜ್ಞಾನಭಾರತಿ ಆವರಣದಲ್ಲಿ, ಎಚ್. ನರಸಿಂಹಯ್ಯ ಎಂಬ ಭೌತವಿಜ್ಞಾನಿ ಕುಲಪತಿಯಾಗಿದ್ದರು ಎಂಬುದನ್ನು ಈ ಕತೆಯ ಜೊತೆಗೆ ಹೇಳದಿದ್ದರೆ ತಪ್ಪಾಗುತ್ತದೆ. ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದರು. ವಿಭೂತಿ ಬರಿಸುತ್ತಿದ್ದ ಪಾಂಡವಪುರದ ಪವಾಡ ಬಾಲಕನೊಬ್ಬನ ಗುಟ್ಟನ್ನು ಆ ಸಮಿತಿ ಬಯಲಿಗೆಳೆಯಿತು. ಪ್ರಶ್ನಿಸದೆ ಒಪ್ಪಬೇಡಿ ಎಂಬುದನ್ನು ಅವರು ಬದುಕಿನುದ್ದಕ್ಕೂ ಹೇಳಿದರು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಸರಳವಾಗಿ ಬದುಕಿದರು. ಅವರ ಪುಸ್ತಕವೊಂದರ ಹೆಸರು 'ತೆರೆದ ಮನ'. ಮುಚ್ಚಿದ ಬಾಗಿಲಿನ ಈ ಕತೆಗೆ ಅದಕ್ಕಿಂತ ಒಳ್ಳೆಯ ಎದುರುಮಾತು ಸಿಗಲಾರದು.

ಗಾಥಿಕ್ ಬರಹಗಾರ್ತಿ ಆನ್ ರಾಡ್‌ಕ್ಲಿಫ್ ಕೂಡ ಒಂದು ರೀತಿಯಲ್ಲಿ ನರಸಿಂಹಯ್ಯನವರ ದಾರಿಯವಳೇ. 1794ರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ'ದಲ್ಲಿ ಓದುಗರನ್ನು ನೂರಾರು ಪುಟ ನಡುಗಿಸಿ, ಕೊನೆಗೆ ಪ್ರತಿ ದೆವ್ವಕ್ಕೂ ಒಂದು ಲೌಕಿಕ ಕಾರಣ ಕೊಡುತ್ತಾಳೆ. ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅಂಜಿಕೆ ಬೇರೆ, ಭೀಕರ ಬೇರೆ ಎಂದು ಬಿಡಿಸಿ ಹೇಳಿದಳು. ಕಾಣದ್ದಕ್ಕೆ ಅಂಜಿದಾಗ ಮನಸ್ಸು ಹಿಗ್ಗಿ ಎಚ್ಚರಗೊಳ್ಳುತ್ತದೆ. ಭೀಕರವನ್ನು ಕಣ್ಣಾರೆ ಕಂಡಾಗ ಕುಗ್ಗಿ ಮರಗಟ್ಟುತ್ತದೆ. ನಾಳೆ ಬಾ ಪೂರ್ತಿಯಾಗಿ ಮೊದಲ ಬಗೆಯದು. ಬಾಗಿಲು ತೆರೆದು ನೋಡಿ ಹೇಳಿದವರು ಯಾರೂ ಇಲ್ಲ. ಕತೆಯ ಕಟ್ಟೇ ಹಾಗಿದೆ, ನೋಡಿದವರು ಹೇಳಲು ಉಳಿಯುವುದಿಲ್ಲ. ಇದ್ದದ್ದು ಚಿಲಕದ ಈಚೆಗಿನ ಎಚ್ಚರ ಮಾತ್ರ.

ಸೀಮೆಸುಣ್ಣ ಮಳೆಗೆ ಕರಗುತ್ತದೆ, ಇದ್ದಿಲು ಕೈಗೆ ಹತ್ತಿ ಮಾಸುತ್ತದೆ. ಉಳಿದದ್ದನ್ನು ಹಬ್ಬದ ಸುಣ್ಣ ಮುಚ್ಚುತ್ತದೆ. ಸುಣ್ಣ ಬಳಿದ ಮೇಲೆ ಮತ್ತೆ ಬರೆಯುವುದನ್ನು ಜನ ಬಿಟ್ಟರು, ದೆವ್ವ ಹೋದದ್ದು ಹಾಗೆ. ಬಾಗಿಲಿಗೆ ಬೆಲ್ ಬಂತು, ಮ್ಯಾಜಿಕ್ ಐ ಎಂಬ ಗಾಜಿನ ಕಣ್ಣು ಬಂತು, ಮನೆಗೆ ಬರುವವರು ಮೊದಲೇ ಫೋನು ಮಾಡತೊಡಗಿದರು. ವಠಾರಗಳು ಒಂದೊಂದಾಗಿ ಒಡೆದು ನಾಲ್ಕಂತಸ್ತು ಎದ್ದವು. 2020ರ ಮಾರ್ಚ್‌ನಲ್ಲಿ ಮಾತ್ರ ಬೆಂಗಳೂರಿನ ಬಾಗಿಲುಗಳಿಗೆ ಮತ್ತೊಮ್ಮೆ ಬರಹ ಹತ್ತಿತು. ಈ ಮನೆ ಕ್ವಾರಂಟೈನ್‌ನಲ್ಲಿದೆ, ಭೇಟಿ ನೀಡಬೇಡಿ ಎಂದು ಅಧಿಕಾರಿಗಳು ಅಂಟಿಸಿದ ಕಾಗದ ಅದು. ಅದರಲ್ಲಿ ನಾಳೆ ಎಂಬ ಮಾತಿರಲಿಲ್ಲ, ದಿನಾಂಕ ಇತ್ತು.

2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೊ ಕೆಂಗೇರಿ ತಲುಪಿತು. ಕಿಟಕಿಯಿಂದ ನೋಡಿದರೆ ಎರಡೂ ಬದಿಗೆ ಕಟ್ಟುತ್ತಿರುವ ಮನೆಗಳು, ಮುಂದೆ ನಾಲಗೆ ಚಾಚಿ ಕಣ್ಣು ಕೆರಳಿಸಿದ ದೃಷ್ಟಿಗೊಂಬೆಗಳು, ಕಂಬಕ್ಕೆ ಕಟ್ಟಿದ ಬೂದುಗುಂಬಳ. ಇಳಿದು ಒಳರಸ್ತೆಗಳಲ್ಲಿ ನಡೆದರೆ ಒಂದಲ್ಲ ಒಂದು ಸೈಟಿನಲ್ಲಿ ಬಾಗಿಲು ಇಡುವ ಶಾಸ್ತ್ರ ಮುಗಿದಿರುವುದು ಕಾಣುತ್ತದೆ. ಪಾಯದ ಮೇಲೆ ತಲೆಬಾಗಿಲಿನ ಮರದ ಚೌಕಟ್ಟೊಂದೇ ನಿಂತಿರುತ್ತದೆ, ಬೀಳದಂತೆ ಎರಡು ಕಡೆ ಆನಿಸಿದ ಸರ್ವೆ ಗಳುಗಳು. ಹೊಸ್ತಿಲಿಗೆ ಅರಿಸಿನ ಕುಂಕುಮ, ಮೇಲೆ ಬಾಡಿದ ಮಾವಿನೆಲೆ. ಸುತ್ತ ಗೋಡೆ ಇನ್ನೂ ಒಂದಡಿಯೂ ಎದ್ದಿಲ್ಲ, ಎಡಕ್ಕೂ ಬಲಕ್ಕೂ ಬೇಕಾದಷ್ಟು ಬಯಲು. ಆದರೂ ಕೆಲಸ ನೋಡಲು ಬಂದ ಮನೆಯಾಕೆ ಬಳಸಿ ಹೋಗುವುದಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲು ತುಳಿಯದೆ, ಬಲಗಾಲು ಮುಂದಿಟ್ಟು ಆ ಚೌಕಟ್ಟಿನ ಒಳಗಿನಿಂದಲೇ ದಾಟುತ್ತಾಳೆ.